ಹೊರದೇಶದಲ್ಲಿ ಬಾಡಿಗೆ ಕಾರಿಗೆ ಪೆಟ್ರೋಲ್ ಹಾಕುವುದು: ನಮ್ಮ ಕಾಸರಗೋಡಿನವರಿಗಾಗಿ ಸಮಗ್ರ ಮಾರ್ಗದರ್ಶಿ

ತಲಪಾಡಿ ಗಡಿ ದಾಟಿದ ಕೂಡಲೇ ಸಿಗುವ ಬಂಕಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸಾಲಿನಲ್ಲಿ ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಗಳು ಎಷ್ಟೋ ಇರುತ್ತವೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ಮಂಗಳೂರಿಗೆ ಹೋದರೆ ಬರುವಾಗ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ತೆಂಕಲಾಗಿ ಕೋಝಿಕ್ಕೋಡಿಗೆ ಹೊರಟವರು ಮಾಹೆಯಲ್ಲಿ ನಿಲ್ಲಿಸುತ್ತಾರೆ. ಅದು ಪುದುಚ್ಚೇರಿಗೆ ಸೇರಿದ ಊರು, ಅಲ್ಲಿ ತೆರಿಗೆ ಕಡಿಮೆ. ಪೆಟ್ರೋಲಿನ ರೇಟಿನ ವಿಚಾರದಲ್ಲಿ ಗಡಿಯವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆದರೆ ಈ ಎಲ್ಲ ಬಂಕುಗಳಲ್ಲಿ ನಾವು ಪೆಟ್ರೋಲ್ ಹಾಕಿಸುತ್ತೇವೆ. ಗಾಜು ಇಳಿಸಿ "ಸಾವಿರಕ್ಕೆ" ಅಂದರೆ ಆಯಿತು. ಮುಚ್ಚಳ ತೆಗೆಯುವುದು, ಸರಿಯಾದ ಗನ್ ಹಿಡಿಯುವುದು, ಮತ್ತೆ ಮುಚ್ಚುವುದು ಎಲ್ಲ ಬಂಕಿನವರದ್ದೇ ಕೆಲಸ. ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹೆಚ್ಚಾಗಿ ಪೆಟ್ರೋಲ್ ನಾವೇ ಹಾಕಬೇಕು. ಇಪ್ಪತ್ತು ಮೂವತ್ತು ವರ್ಷ ಕಾರು ಓಡಿಸಿದವರಿಗೂ ಗನ್ ಕೈಯಲ್ಲಿ ಹಿಡಿದು ಅಭ್ಯಾಸ ಇರುವುದಿಲ್ಲ. ಅದು ದೊಡ್ಡ ವಿದ್ಯೆ ಏನಲ್ಲ. ಆದರೆ ಬಾಡಿಗೆ ಕಾರಿನಲ್ಲಿ ಒಂದು ಸಣ್ಣ ತಪ್ಪಿಗೆ ಇಡೀ ಪ್ರವಾಸದ ದುಡ್ಡು ಹೋಗಬಹುದು.

ನನ್ನ ತಂಗಿಯ ಮನೆ ಶಾರ್ಜಾದಲ್ಲಿ, ಮಗ ಇರುವುದು ಜರ್ಮನಿಯಲ್ಲಿ. ಎರಡೂ ಕಡೆ ಬಾಡಿಗೆ ಕಾರು ಓಡಿಸಿದ್ದೇನೆ. ಈಗ ನಮ್ಮ ಬದಿಯಡ್ಕ, ಪೆರ್ಲ ಕಡೆಯಿಂದ ಮಕ್ಕಳ ಹತ್ತಿರ ಹೋಗುವವರು ಜಾಸ್ತಿಯಾಗಿದ್ದಾರೆ. ಹೊರಡುವ ಮೊದಲು ಅವರು ನನ್ನಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ಮನೆಯಿಂದ ಹೊರಡುವ ಮೊದಲು

ಮೊದಲು ಕಾರ್ಡ್ ವಿಚಾರ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ನಂತರ ಕೊಡುವ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಮೊದಲಿಗೆ ದೇಶದ ಒಳಗೆ ಮಾತ್ರ ನಡೆಯುತ್ತವೆ. ಹೊರದೇಶದಲ್ಲಿ ಬಳಸುವ ಅವಕಾಶವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಇದನ್ನು ಮನೆಯಲ್ಲಿ ಕೂತು ಮಾಡಿ. ಯಾವುದೋ ಊರಿನ ಬಂಕಿನಲ್ಲಿ ನಿಂತು, ಒಟಿಪಿ ಬಾರದ ಸಿಮ್ ಹಿಡಿದುಕೊಂಡು ಮಾಡುವ ಕೆಲಸ ಅಲ್ಲ ಇದು. ಕಾರ್ಡಿನ ಪಿನ್ ಬಾಯಿಪಾಠ ಇರಲಿ. ಮಿತಿ ಎಷ್ಟಿದೆ ಎಂದೂ ನೋಡಿ. ಎರಡು ಕಾರ್ಡ್ ಇರಲಿ, ಒಂದು ನಿಮ್ಮ ಹತ್ತಿರ, ಇನ್ನೊಂದು ಮನೆಯವರ ಹತ್ತಿರ. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ, ಅದನ್ನೂ ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಆರ್‌ಟಿಒ ಕಚೇರಿಯಿಂದ ಸಿಗುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಒಂದು ವರ್ಷ ನಡೆಯುತ್ತದೆ. ಊರಿನ ಅಸಲಿ ಲೈಸೆನ್ಸನ್ನೂ ಜೊತೆಗೆ ಒಯ್ಯಬೇಕು, ಪರ್ಮಿಟ್ ಒಂದೇ ಸಾಲದು.

ಕೌಂಟರಿನಲ್ಲಿ: ಯಾವ ಲೆಕ್ಕದಲ್ಲಿ ಪೆಟ್ರೋಲ್?

ವಿಮಾನ ಇಳಿದು ಸುಸ್ತಾಗಿರುತ್ತೀರಿ, ಮಕ್ಕಳು ಹಠ ಮಾಡುತ್ತಿರುತ್ತಾರೆ, ಕೌಂಟರಿನವರು ಟ್ಯಾಬ್ ಮುಂದೆ ಹಿಡಿದು ಸಹಿ ಹಾಕಿ ಅನ್ನುತ್ತಾರೆ. ಆ ಹೊತ್ತಿಗೆ ಎರಡು ನಿಮಿಷ ತಾಳ್ಮೆ ತಂದುಕೊಳ್ಳಿ. ಪೆಟ್ರೋಲಿನ ಬಗ್ಗೆ ಏನು ಬರೆದಿದೆ ಕೇಳಿ.

ಹೆಚ್ಚಾಗಿ ಮೂರು ಬಗೆಯ ಲೆಕ್ಕ ಇರುತ್ತದೆ. ಫುಲ್ ಕೊಟ್ಟು ಫುಲ್ ವಾಪಸ್ ಪಡೆಯುವುದು ಒಂದು. ನನ್ನ ಮಾತು ಕೇಳುವುದಾದರೆ ಇದನ್ನೇ ಆರಿಸಿ. ಓಡಿಸಿದಷ್ಟಕ್ಕೆ ಮಾತ್ರ ದುಡ್ಡು, ಅದೂ ಬಂಕಿನ ರೇಟಿನಲ್ಲಿ. ಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇಟ್ಟು ವಾಪಸ್ ಕೊಡುವುದು ಇನ್ನೊಂದು. ಗಲ್ಫಿನಲ್ಲಿ ಇದು ತುಂಬ ಕಡೆ ಇದೆ. ಕಾರು ಸಿಗುವಾಗ ಮುಳ್ಳು ಅರ್ಧದಲ್ಲಿದ್ದರೆ ಕೊಡುವಾಗಲೂ ಅರ್ಧ. ಕೇಳಲು ಸುಲಭ, ಆದರೆ ಮುಳ್ಳನ್ನು ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸುವುದು ಕಷ್ಟ. ಸ್ವಲ್ಪ ಜಾಸ್ತಿ ಹಾಕಿಯೇ ಕೊಡಬೇಕಾಗುತ್ತದೆ.

ಮೂರನೆಯದ್ದಕ್ಕೆ ಹುಷಾರು. ಇಡೀ ಟ್ಯಾಂಕಿನ ದುಡ್ಡು ಮೊದಲೇ ಕೊಡಬೇಕು, ಕಾರನ್ನು ಖಾಲಿ ಮಾಡಿ ವಾಪಸ್ ಕೊಡಬಹುದು. "ಕೊನೆಗೆ ಬಂಕ್ ಹುಡುಕುವ ತಾಪತ್ರಯ ಇಲ್ಲ" ಎಂದು ನಯವಾಗಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 50 ಲೀಟರಿನ ಟ್ಯಾಂಕ್ ಅಂತ ಇಟ್ಟುಕೊಳ್ಳಿ. ಮೂರು ದಿನ ಓಡಿಸಿ 20 ಲೀಟರ್ ಖರ್ಚು ಮಾಡಿದಿರಿ. ಉಳಿದ 30 ಲೀಟರಿಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ. ಖಾಲಿ ಟ್ಯಾಂಕಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವ ಧೈರ್ಯ ಯಾರಿಗಿದೆ? ಮಕ್ಕಳು ಮರಿಗಳೊಂದಿಗೆ ಹೋಗುವವರಿಗಂತೂ ಇದು ಬೇಡ. ದಿನವಿಡೀ ಕಾರಿನಲ್ಲೇ ಇದ್ದು ಟ್ಯಾಂಕ್ ಪೂರ್ತಿ ಖಾಲಿಯಾಗುವುದು ಖಂಡಿತ ಅಂತಿದ್ದರೆ ಮಾತ್ರ ಯೋಚಿಸಬಹುದು.

ಕಡಿಮೆ ಇಟ್ಟು ವಾಪಸ್ ಕೊಟ್ಟರೆ ಕಂಪನಿಯವರೇ ತುಂಬಿಸಿ ಲೀಟರಿಗೆ ತಮ್ಮದೇ ರೇಟ್ ಹಾಕುತ್ತಾರೆ, ಮೇಲೆ ಸರ್ವಿಸ್ ಚಾರ್ಜ್ ಸೇರಿಸುತ್ತಾರೆ. ಆ ರೇಟ್ ಒಪ್ಪಂದದಲ್ಲೇ ಇರುತ್ತದೆ. ಕೇಳಿದರೆ ತೋರಿಸುತ್ತಾರೆ.

ಪಾರ್ಕಿಂಗಿನಲ್ಲಿ ಐದು ನಿಮಿಷ

ಕೀಲಿ ಸಿಕ್ಕಿದ ಕೂಡಲೇ ಹೊರಟುಬಿಡಬೇಡಿ. ಕಾರು ಸ್ಟಾರ್ಟ್ ಮಾಡಿ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ. ಪೆಟ್ರೋಲಿನ ಮುಳ್ಳು ಮತ್ತು ಕಿಲೋಮೀಟರ್ ಎರಡೂ ಒಂದೇ ಫೋಟೋದಲ್ಲಿ ಕಾಣಬೇಕು. ಫುಲ್ ಅಂತ ಕಾಗದದಲ್ಲಿ ಬರೆದಿದ್ದು, ಮುಳ್ಳು ಸ್ವಲ್ಪ ಕೆಳಗಿದ್ದರೆ ಅಲ್ಲೇ ಹೋಗಿ ಹೇಳಿ, ಕಾಗದದಲ್ಲಿ ಬರೆಸಿ.

ಆಮೇಲೆ ಪೆಟ್ರೋಲಿನ ಚಿತ್ರದ ಪಕ್ಕ ಒಂದು ಸಣ್ಣ ತ್ರಿಕೋನ ಕಾಣುತ್ತದೆ, ಗಮನಿಸಿ. ಅದು ಯಾವ ಕಡೆ ತಿರುಗಿದೆಯೋ ಟ್ಯಾಂಕಿನ ಬಾಯಿ ಆ ಕಡೆ. ಇದರ ಹಿಂದೆ ನಮ್ಮ ಮಳೆಗಾಲದವರಿಗೆ ಅರ್ಥವಾಗುವ ಒಂದು ಕಥೆ ಇದೆ. 1986ರಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಜಿಮ್ ಮೊಯ್ಲನ್ ಕಂಪನಿಯ ಕಾರೊಂದಕ್ಕೆ ಪೆಟ್ರೋಲ್ ಹಾಕಲು ಹೋದರು. ಟ್ಯಾಂಕಿನ ಬಾಯಿ ಆಚೆ ಕಡೆ ಇತ್ತು, ಮಳೆಯಲ್ಲಿ ನೆನೆದು ಹೋದರು. ವಾಪಸ್ ಬಂದು ಈ ಬಾಣದ ಗುರುತು ಹಾಕಿ ಎಂದು ಕಂಪನಿಗೆ ಬರೆದುಕೊಟ್ಟರು. ಈಗ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಅದು ಇದೆ. ಊರಿನ ನಮ್ಮ ಕಾರಿನಲ್ಲೂ ಇರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೆ.

ಈಗ ಕೆಳಗಿಳಿದು ಮುಚ್ಚಳ ತೆರೆದು ನೋಡಿ. ಇದನ್ನು ಪಾರ್ಕಿಂಗಿನಲ್ಲೇ ಮಾಡಬೇಕು. ಕೆಲವು ಕಾರುಗಳಲ್ಲಿ ಸೀಟಿನ ಕೆಳಗೆ ಲಿವರ್ ಇರುತ್ತದೆ, ಕೆಲವಕ್ಕೆ ಬಾಗಿಲ ಹತ್ತಿರ ಬಟನ್. ಇನ್ನು ಕೆಲವದ್ದು ಕಾರು ಅನ್‌ಲಾಕ್ ಇದ್ದರೆ ಮುಚ್ಚಳವನ್ನು ಒಳಗೆ ಒತ್ತಿದರೆ ತೆರೆಯುತ್ತದೆ. ಒಳಗೆ ತಿರುಗಿಸುವ ಬಿರಡೆಯೇ ಇಲ್ಲದ ಕಾರುಗಳೂ ಇವೆ, ಗನ್ ಇಟ್ಟರೆ ಸಾಕು. ಗೊತ್ತಾಗದಿದ್ದರೆ ಅಲ್ಲೇ ಇರುವ ಕಂಪನಿಯವರನ್ನು ಕೇಳಿ.

ಮುಚ್ಚಳದ ಒಳಮೈಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಕಾರಿಗೆ ಏನು ಹಾಕಬೇಕು ಎಂದು ಅದರಲ್ಲಿದೆ. ಅದರ ಫೋಟೋ ತೆಗೆದುಕೊಳ್ಳಿ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಈ ಫೋಟೋದ ಮಾತು ನೆನಪಿಡಿ.

ಯಾವ ಗನ್? ಹೆಸರು ನಂಬಬೇಡಿ, ಬಣ್ಣವನ್ನೂ ನಂಬಬೇಡಿ

ಕಾಸರಗೋಡಿನ ನಮಗೆ ಒಂದು ಅನುಭವ ಇದೆ. ಬಸ್ಸಿನ ಬೋರ್ಡ್ ಮಲಯಾಳದಲ್ಲಿ ಇರುತ್ತದೆ. ಮಲಯಾಳ ಓದಲು ಬಾರದ ನಮ್ಮ ಅಜ್ಜಿಯಂದಿರು ಬಸ್ಸಿನ ಬಣ್ಣ ನೋಡಿ, ಹೊತ್ತು ನೋಡಿ, ಕೊನೆಗೆ "ಇದು ಬದಿಯಡ್ಕಕ್ಕಾ ಮಗಾ?" ಎಂದು ಕೇಳಿ ಹತ್ತುತ್ತಾರೆ. ಹತ್ತಿರದ ಭಾಷೆಯಾದರೂ ಶಬ್ದಗಳು ಮೋಸ ಮಾಡುತ್ತವೆ ಎಂದೂ ನಮಗೆ ಗೊತ್ತು. ಕನ್ನಡದಲ್ಲಿ ಪಟ್ಟಿ ಅಂದರೆ ಹೆಸರು ಬರೆದಿಡುವ ಲಿಸ್ಟ್, ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಬಂಕಿನಲ್ಲೂ ಹಾಗೇ ಆಗುತ್ತದೆ.

ನನ್ನ ಅಕ್ಕನ ಗಂಡ ಇಟಲಿಗೆ ಹೋಗಿದ್ದಾಗ ಒಂದು ಸಂಜೆ ಫೋನ್ ಮಾಡಿದರು.

"ಭಾವ, ಗನ್ ಒಳಗೇ ಹೋಗ್ತಾ ಇಲ್ಲ. ಸ್ವಲ್ಪ ಒತ್ತಿ ನೋಡ್ಲಾ?"

"ಒತ್ತಬೇಡಿ ಭಾವ. ಮೊದಲು ಹೊರಗೆ ತೆಗೀರಿ. ಗನ್ನಿನ ಮೇಲೆ ಏನು ಬರೆದಿದೆ ಹೇಳಿ."

"ಗಸೋಲಿಯೋ ಅಂತ ಇದೆ. ಗ್ಯಾಸೋಲಿನ್ ಅಲ್ವಾ ಅದು?"

"ಅಲ್ಲ ಭಾವ, ಅದು ಡೀಸೆಲ್. ವಾಪಸ್ ಇಡಿ. ಬೆಂಜೀನಾ ಅಂತ ಎಲ್ಲಿದೆ ನೋಡಿ."

ಅವರದ್ದು ಪೆಟ್ರೋಲ್ ಕಾರು. ಡೀಸೆಲ್ ಗನ್ನಿನ ಮೂತಿ ಸಾಮಾನ್ಯವಾಗಿ ಸುಮಾರು 25 ಮಿಲಿಮೀಟರ್ ಅಗಲ, ಪೆಟ್ರೋಲಿನದ್ದು ಸುಮಾರು 21. ಅದಕ್ಕೇ ಒಳಗೆ ಹೋಗಲಿಲ್ಲ, ಭಾವ ಬಚಾವಾದರು. ಆದರೆ ತಿರುಗಿಸಿ ಯೋಚಿಸಿ. ಪೆಟ್ರೋಲಿನ ಸಪೂರ ಗನ್ ಡೀಸೆಲ್ ಕಾರಿನ ದೊಡ್ಡ ಬಾಯಿಗೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ನಿಮಗೆ ಕೊಟ್ಟದ್ದು ಡೀಸೆಲ್ ಕಾರಾದರೆ ಇಮ್ಮಡಿ ಜಾಗ್ರತೆ ಬೇಕು. ಊರಿನಲ್ಲಿ ಪೆಟ್ರೋಲ್ ಕಾರು ಓಡಿಸಿ ಅಭ್ಯಾಸ ಇರುವವರ ಕೈ ತಾನಾಗಿ ಪೆಟ್ರೋಲ್ ಗನ್ನಿಗೇ ಹೋಗುತ್ತದೆ.

ಹೆಸರುಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಪೆಟ್ರೋಲಿಗೆ ಬೆಂಜಿನ್ ಅನ್ನುತ್ತಾರೆ, ಗನ್ನಿನ ಮೇಲೆ ಸೂಪರ್ ಎಂದಿರುತ್ತದೆ. ಡೀಸೆಲ್ ಡೀಸೆಲ್ಲೇ. ಫ್ರಾನ್ಸಿನಲ್ಲಿ ಪೆಟ್ರೋಲ್ ಎಸ್‌ಪಿ95 ಅಥವಾ ಎಸ್‌ಪಿ98, ಡೀಸೆಲಿಗೆ ಗಜೋಲ್. ಸ್ಪೇನ್‌ನಲ್ಲಿ ಗಸೊಲಿನಾ ಅಂದರೆ ಪೆಟ್ರೋಲ್, ಗಸೋಲಿಯೋ ಅಂದರೆ ಡೀಸೆಲ್. ಪೋರ್ಚುಗಲ್‌ನಲ್ಲೂ ಹೆಚ್ಚುಕಡಿಮೆ ಅದೇ. ಅಮೆರಿಕದಲ್ಲಿ ಬರೀ ಗ್ಯಾಸ್ ಅಂದರೆ ಪೆಟ್ರೋಲ್. ಇಷ್ಟು ಹತ್ತಿರದ ಶಬ್ದಗಳನ್ನು ಸುಸ್ತಾದ ತಲೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2018ರ ಅಕ್ಟೋಬರಿನಿಂದ ಒಂದೇ ಥರದ ಗುರುತು ಬಂದಿದೆ. ಪೆಟ್ರೋಲಿಗೆ ವೃತ್ತ, ಅದರೊಳಗೆ ಇ5 ಅಥವಾ ಇ10. ಡೀಸೆಲಿಗೆ ಚೌಕ, ಅದರೊಳಗೆ ಬಿ7. ಸಿಎನ್‌ಜಿ, ಎಲ್‌ಪಿಜಿಯಂಥ ಗ್ಯಾಸಿನ ಇಂಧನಗಳಿಗೆ ವಜ್ರದ ಆಕಾರ. ಹೊಸ ಕಾರುಗಳ ಮುಚ್ಚಳದ ಒಳಗೂ ಇದೇ ಗುರುತು. ಮುಚ್ಚಳದಲ್ಲಿ ವೃತ್ತ ಇದ್ದರೆ ವೃತ್ತದ ಗನ್, ಚೌಕ ಇದ್ದರೆ ಚೌಕದ ಗನ್. ಯಾವ ಭಾಷೆಯೂ ಬೇಡ.

ಇ5 ಅಂದರೆ ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚೆಂದರೆ ಶೇಕಡಾ 5, ಇ10 ಅಂದರೆ ಶೇಕಡಾ 10. ನಮ್ಮಲ್ಲಿ ಇ20 ಬಂದ ಮೇಲೆ ಈ ಲೆಕ್ಕ ಎಲ್ಲರಿಗೂ ಗೊತ್ತಾಗಿದೆ. ಮುಚ್ಚಳದಲ್ಲಿ ಎರಡೂ ಬರೆದಿದ್ದರೆ ಕಡಿಮೆ ರೇಟಿನದ್ದು ಹಾಕಿ. ಆದರೆ ಅಮೆರಿಕದಲ್ಲಿ ಇ85 ಎಂದು ಇನ್ನೊಂದು ಸಿಗುತ್ತದೆ, ಬಹುಪಾಲು ಎಥನಾಲೇ. ರೇಟ್ ಕಡಿಮೆ ಅಂತ ಅದಕ್ಕೆ ಕೈ ಹಾಕಬೇಡಿ. ಅದಕ್ಕೆಂದೇ ಮಾಡಿದ ಕಾರುಗಳಿಗೆ ಮಾತ್ರ ಅದು.

ಬಣ್ಣದ ಕಥೆ ಕೇಳಿ. ಬ್ರಿಟನ್ನಿನಲ್ಲಿ ಹಸಿರು ಗನ್ ಪೆಟ್ರೋಲಿನದ್ದು, ಕಪ್ಪು ಡೀಸೆಲಿನದ್ದು. ಅಮೆರಿಕದ ಹೆಚ್ಚಿನ ಬಂಕುಗಳಲ್ಲಿ ಹಸಿರು ಹಿಡಿ ಡೀಸೆಲಿನದ್ದು. ಜಪಾನಿನಲ್ಲಿ ಕೆಂಪು ಮಾಮೂಲಿ ಪೆಟ್ರೋಲ್, ಹಳದಿ ಮೇಲ್ದರ್ಜೆಯ ಪೆಟ್ರೋಲ್, ಹಸಿರು ಡೀಸೆಲ್. ಲಂಡನ್ನಿನಲ್ಲಿ ಕಲಿತದ್ದನ್ನು ನ್ಯೂಯಾರ್ಕಿನಲ್ಲಿ ಮಾಡಿದರೆ ಕೆಟ್ಟೆವು. ಜಪಾನಿನಲ್ಲಿ ಇನ್ನೊಂದು ತೊಡಕು. ಅಲ್ಲಿನ ಪುಟ್ಟ ಕಾರುಗಳಿಗೆ ಕೇ ಕಾರ್ ಎನ್ನುತ್ತಾರೆ. ಡೀಸೆಲಿಗೆ ಅವರ ಹೆಸರು ಕೇಯು. ಕೇ ಕಾರಿಗೆ ಕೇಯು ಅಂತ ಹಾಕುವವರಿದ್ದಾರೆ. ಕೇ ಕಾರಿಗೂ ಕೆಂಪು ಗನ್ನೇ.

ಪೆಟ್ರೋಲಿನ ದರ್ಜೆ ಹೇಳುವ ಆಕ್ಟೇನ್ ನಂಬರ್ ನೋಡಿ ಗಾಬರಿಯಾಗಬೇಡಿ. ಅಮೆರಿಕದಲ್ಲಿ 87, ದುಬೈಯಲ್ಲಿ 91, 95, 98. ಅಮೆರಿಕದವರ ಲೆಕ್ಕ ಹಾಕುವ ಕ್ರಮವೇ ಬೇರೆ, ಅಲ್ಲಿನ 87 ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 91. ಮುಚ್ಚಳದಲ್ಲಿರುವ ನಂಬರಿಗಿಂತ ಕಡಿಮೆಯದ್ದು ಹಾಕಬಾರದು. ಅದಕ್ಕಿಂತ ಜಾಸ್ತಿಯದ್ದು ಹಾಕಿದರೆ ಬಾಡಿಗೆ ಕಾರಿಗೆ ಏನೂ ಲಾಭ ಇಲ್ಲ, ಸುಮ್ನೆ ದುಡ್ಡು ದಂಡ.

ಡೀಸೆಲ್ ಕಾರುಗಳಲ್ಲಿ ದೊಡ್ಡ ಬಾಯಿಯ ಪಕ್ಕ ನೀಲಿ ಬಿರಡೆಯ ಇನ್ನೊಂದು ಸಣ್ಣ ಬಾಯಿ ಇರಬಹುದು. ಅದು ಆ್ಯಡ್‌ಬ್ಲೂ ಎಂಬ ಯೂರಿಯಾ ನೀರಿಗೆ, ಹೊಗೆ ಶುದ್ಧ ಮಾಡಲು. ಅದನ್ನು ಮುಟ್ಟಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಆ್ಯಡ್‌ಬ್ಲೂ ಮುಗಿಯುತ್ತಿದೆ ಎಂದು ಬಂದರೆ ಕಂಪನಿಗೆ ಫೋನ್ ಮಾಡಿ.

ಗನ್ ಹಿಡಿಯುವುದು

ಬಾಣದ ಕಡೆ ಪಂಪ್ ಬರುವಂತೆ ಕಾರು ನಿಲ್ಲಿಸಿ. ಎಂಜಿನ್ ಆಫ್, ಕೀಲಿ ಕೈಯಲ್ಲಿ. ಪಂಪಿನ ನಂಬರ್ ನೋಡಿಟ್ಟುಕೊಳ್ಳಿ, ದುಡ್ಡು ಕೊಡುವಾಗ ಅದೇ ಬೇಕು. ಸಿಗರೇಟು, ಬೆಂಕಿ ಬೇಡ ಅಂತ ಹೇಳಬೇಕಾಗಿಲ್ಲ ಅಲ್ವಾ, ಪೆಟ್ರೋಲ್ ಹಾಕುವಾಗ ಫೋನನ್ನೂ ಕಿಸೆಯಲ್ಲಿಡಿ.

ಇಳಿದ ಮೇಲೆ ಕಾರಿನ ಲೋಹದ ಭಾಗವನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ ನಿಲ್ಲುವುದೇ ಕಡಿಮೆ. ಚಳಿದೇಶದ ಒಣ ಗಾಳಿಯಲ್ಲಿ, ಸ್ವೆಟರ್ ಹಾಕಿಕೊಂಡು ಸೀಟಿನಿಂದ ಎದ್ದಾಗ ಬೆರಳ ತುದಿಯಲ್ಲಿ ಚಟ್ ಅಂತ ಕಿಡಿ ಹಾರುತ್ತದೆ. ಪೆಟ್ರೋಲ್ ಆವಿಯ ಹತ್ತಿರ ಆ ಕಿಡಿ ಬೇಡ. ಅದಕ್ಕೇ ಹಾಕುತ್ತಿರುವಾಗ ಮಧ್ಯದಲ್ಲಿ ಕಾರಿನ ಒಳಗೆ ಹೋಗಿ ಕೂತು ಬರಬಾರದು. ಜಪಾನಿನ ಬಂಕುಗಳಲ್ಲಿ ಮೊದಲು ಮುಟ್ಟಲು ಒಂದು ಪ್ಯಾಡನ್ನೇ ಇಟ್ಟಿರುತ್ತಾರೆ.

ಮೊದಲೇ ತೆಗೆದಿಟ್ಟ ಮುಚ್ಚಳದ ಫೋಟೋ ಒಮ್ಮೆ ನೋಡಿ. ಗನ್ನಿನ ಗುರುತು ನೋಡಿ. ಎರಡೂ ಒಂದೇ ಅಂತ ಆದ ಮೇಲೆ ಗನ್ ಎತ್ತಿ. ಮೂತಿಯನ್ನು ಪೂರ್ತಿ ಒಳಗೆ ಇಳಿಸಿ ಟ್ರಿಗರ್ ಒತ್ತಿ. ಕೂಡಲೇ ಬಾರದಿದ್ದರೆ ಗಾಬರಿ ಬೇಡ, ಮೀಟರ್ ಸೊನ್ನೆಗೆ ಬಂದು ಪಂಪ್ ಚಾಲೂ ಆಗಲು ಕೆಲವು ಸೆಕೆಂಡ್ ಬೇಕು. ಒಳಗೆ ಮೊದಲು ದುಡ್ಡು ಕೊಡಬೇಕಾದ ಬಂಕ್ ಆದರೆ ಅದು ಚಾಲೂ ಆಗುವುದೇ ಇಲ್ಲ.

ಹರಿಯುವ ಸದ್ದು ಕೈಗೂ ಗೊತ್ತಾಗುತ್ತದೆ, ಪೈಪು ಸ್ವಲ್ಪ ನಡುಗುತ್ತದೆ. ತುಂಬುತ್ತಾ ಬಂದ ಹಾಗೆ ಒಳಗಿನ ಗುಳುಗುಳು ಸಪೂರ ಆಗುತ್ತದೆ. ಬಾವಿಯಿಂದ ಕೊಡಪಾನ ತುಂಬಿದವರಿಗೆ ಈ ಸದ್ದು ಹೇಳಿಕೊಡಬೇಕಾಗಿಲ್ಲ. ಕೊನೆಗೆ ಟಪ್ ಎಂದು ಟ್ರಿಗರ್ ತಾನಾಗಿ ಬಿಡುತ್ತದೆ. ಗನ್ನಿನ ಮೂತಿಯಲ್ಲಿ ಒಂದು ಸಣ್ಣ ತೂತು ಇದೆ. ಅದರ ಮೂಲಕ ಗಾಳಿ ಒಳಗೆ ಎಳೆಯುತ್ತಿರುತ್ತದೆ. ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿದಾಗ ಗಾಳಿ ನಿಂತು, ಒಳಗಿನ ಒತ್ತಡ ಬದಲಾಗಿ ಟ್ರಿಗರ್ ಬಿಡುತ್ತದೆ. ಆ ಟಪ್ ಕೇಳಿದ ಮೇಲೆ ನಿಲ್ಲಿಸಿ. ಲೆಕ್ಕ ರೌಂಡ್ ಸಂಖ್ಯೆಗೆ ಬರಲಿ ಎಂದು ಮತ್ತೆ ಮತ್ತೆ ಒತ್ತಬೇಡಿ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆ ಬೇಕಾದ ಜಾಗ ಇರಬೇಕು.

ಗನ್ ತೆಗೆಯುವಾಗ ಮೂತಿ ಮೇಲೆ ಮಾಡಿ ತೆಗೆಯಿರಿ, ಹನಿ ಬೀಳುವುದಿಲ್ಲ. ಬಿರಡೆ ಟಕ್ ಟಕ್ ಎನ್ನುವವರೆಗೆ ತಿರುಗಿಸಿ. ಬಿರಡೆಯನ್ನು ಕಾರಿನ ಮೇಲೆಯೋ ಪಂಪಿನ ಮೇಲೆಯೋ ಇಟ್ಟು ಮರೆತು ಹೋಗುವವರು ತುಂಬ ಜನ. ಅದಕ್ಕೂ ಬಾಡಿಗೆಯವರು ದುಡ್ಡು ಹಿಡಿಯುತ್ತಾರೆ.

ದುಡ್ಡು ಕೊಡುವುದು

ಜರ್ಮನಿಯಲ್ಲಿ ಮೊದಲು ಹಾಕಿ, ಆಮೇಲೆ ಒಳಗೆ ಹೋಗಿ ಪಂಪಿನ ನಂಬರ್ ಹೇಳಿ ದುಡ್ಡು ಕೊಡುವುದು ಮಾಮೂಲು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಹೆಚ್ಚಾಗಿ ಹಾಗೆಯೇ. ದುಡ್ಡು ಕೊಡದೆ ಕಾರು ಪಕ್ಕಕ್ಕೆ ತೆಗೆಯಲೂ ಹೋಗಬೇಡಿ, ಕ್ಯಾಮೆರಾ ಇರುತ್ತದೆ.

ಅಮೆರಿಕದಲ್ಲಿ ಮೊದಲೇ ಕೊಡಬೇಕು. ಪಂಪಿಗೆ ಕಾರ್ಡ್ ಹಾಕಿದರೆ ಅದು ಐದು ಅಂಕೆಯ ಅಂಚೆ ಪಿನ್ ಕೇಳುತ್ತದೆ. ನಮ್ಮ ಪಿನ್ ಕೋಡ್ ಆರು ಅಂಕೆ, ಅದು ಒಪ್ಪುವುದಿಲ್ಲ. ಕಾರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗೆ ಹೋಗಿ "ನಾಲ್ಕನೇ ಪಂಪಿಗೆ ನಲವತ್ತು ಡಾಲರ್" ಎಂದು ಹೇಳಿ ಕೊಡಿ. ಮೂವತ್ತಕ್ಕೇ ತುಂಬಿದರೆ ಉಳಿದದ್ದು ವಾಪಸ್ ಬರುತ್ತದೆ. ಅಲ್ಲಿ ಲೆಕ್ಕ ಗ್ಯಾಲನ್ನಿನಲ್ಲಿ, ಒಂದು ಗ್ಯಾಲನ್ ಅಂದರೆ ಸುಮಾರು 3.785 ಲೀಟರ್. ನ್ಯೂಜೆರ್ಸಿ ರಾಜ್ಯದಲ್ಲಿ ಮಾತ್ರ ಊರಿನ ಹಾಗೆಯೇ ಬಂಕಿನವರೇ ಹಾಕಿಕೊಡುತ್ತಾರೆ, ನಾವು ಹಾಕುವುದು ಕಾನೂನಿಗೆ ವಿರುದ್ಧ.

ಪಂಪಿನಲ್ಲೇ ಕಾರ್ಡ್ ಹಾಕಿದರೆ ಇನ್ನೊಂದು ವಿಷಯ ಗೊತ್ತಿರಲಿ. ಎಷ್ಟು ಹಾಕುತ್ತೀರಿ ಎಂದು ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಮೊದಲೇ ದೊಡ್ಡ ಮೊತ್ತ ತಡೆಹಿಡಿಯುತ್ತದೆ. ಅಮೆರಿಕದಲ್ಲಿ 175 ಡಾಲರ್ ವರೆಗೂ ಹಿಡಿಯುವುದುಂಟು. ಆಮೇಲೆ ನಿಜವಾದ ಬಿಲ್ ಮಾತ್ರ ಕಡಿತವಾಗಿ ಉಳಿದದ್ದು ಬಿಡುಗಡೆಯಾಗುತ್ತದೆ, ಆದರೆ ಕೆಲವೊಮ್ಮೆ ಕೆಲವು ದಿನ ಬೇಕು. ಡೆಬಿಟ್ ಕಾರ್ಡಿನಲ್ಲಿ ಅಥವಾ ಮೊದಲೇ ಹೊರದೇಶದ ದುಡ್ಡು ತುಂಬಿಸಿಟ್ಟ ಫಾರೆಕ್ಸ್ ಕಾರ್ಡಿನಲ್ಲಿ ದುಡ್ಡು ಲೆಕ್ಕವಾಗಿಯೇ ಇಟ್ಟುಕೊಂಡವರಿಗೆ ಅಷ್ಟು ದಿನ ಆ ದುಡ್ಡು ಸಿಗದು. ಪೆಟ್ರೋಲಿಗೆ ಕ್ರೆಡಿಟ್ ಕಾರ್ಡ್ ಒಳ್ಳೆಯದು, ಇಲ್ಲವೇ ಒಳಗೆ ಹೋಗಿ ಕೊಡಿ.

ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ" ಎಂದು ಕೇಳಬಹುದು. ರೂಪಾಯಿ ಎಂದು ಕಂಡಾಗ ನಮ್ಮದೇ ಅನಿಸುತ್ತದೆ. ಆದರೆ ಆ ಬದಲಾವಣೆಯ ರೇಟ್ ನಮಗೆ ನಷ್ಟದ್ದು. ಯಾವಾಗಲೂ ಆ ದೇಶದ ದುಡ್ಡನ್ನೇ ಒತ್ತಿ.

ಇಟಲಿಯಲ್ಲಿ ಒಂದೇ ಬಂಕಿನಲ್ಲಿ ಎರಡು ರೇಟ್ ಇರುತ್ತದೆ. ಸೆರ್ವಿತೋ ಅಂದರೆ ಅವರು ಹಾಕಿಕೊಡುವುದು, ರೇಟ್ ಜಾಸ್ತಿ. ಫಾಯ್ ದಾ ತೆ ಅಂದರೆ ನಾವೇ ಹಾಕುವುದು. ಮಧ್ಯಾಹ್ನ ಮತ್ತು ಭಾನುವಾರ ಹಳ್ಳಿ ಬಂಕಿನಲ್ಲಿ ಜನ ಇರುವುದಿಲ್ಲ, ಯಂತ್ರಕ್ಕೆ ನೋಟು ತಿನ್ನಿಸಬೇಕು. ಅದು ಚಿಲ್ಲರೆ ಕೊಡುವುದಿಲ್ಲ. ಟ್ಯಾಂಕಿಗೆ ಹಿಡಿಯುವಷ್ಟೇ ಹಾಕಿ.

ಎಲ್ಲಿ, ಯಾವಾಗ ತುಂಬಿಸಬೇಕು?

ಯುಎಇಯಲ್ಲಿ ಬಂಕ್ ಹುಡುಕಿ ತಿರುಗಬೇಕಾಗಿಲ್ಲ. 2015ರ ಆಗಸ್ಟಿನಿಂದ ಅಲ್ಲಿ ತಿಂಗಳಿಗೊಮ್ಮೆ ರೇಟ್ ನಿಗದಿ ಮಾಡುತ್ತಾರೆ, ಇಡೀ ದೇಶಕ್ಕೆ ಒಂದೇ. ಇ-ಪ್ಲಸ್ 91, ಸ್ಪೆಷಲ್ 95, ಸೂಪರ್ 98 ಎಂದು ಮೂರು ಬಗೆ, ಬಾಡಿಗೆ ಕಾರುಗಳಿಗೆ ಹೆಚ್ಚಾಗಿ ಸ್ಪೆಷಲ್ ಸಾಕು. ತುಂಬ ಕಡೆ ಬಂಕಿನವರೇ ಹಾಕಿಕೊಡುತ್ತಾರೆ. ಅವರಲ್ಲಿ ಮಲಯಾಳ ಮಾತಾಡುವವರೂ ಸಿಗುತ್ತಾರೆ. ಹಾಕಿಸುವಾಗಲೂ ಇಳಿದು ಗನ್ ನೋಡುವ ಅಭ್ಯಾಸ ಬಿಡಬೇಡಿ.

ಗಲ್ಫಿನಲ್ಲಿರುವ ನಮ್ಮವರು ಮಳೆಗಾಲದಲ್ಲಿ ಒಮಾನಿನ ಸಲಾಲಾಕ್ಕೆ ಹೋಗುವುದು ಈಗ ರೂಢಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಅಲ್ಲಿ ತುಂತುರು ಮಳೆ, ಹಸಿರು ಗುಡ್ಡ, ತೆಂಗು, ಬಾಳೆ, ಎಳನೀರಿನ ಅಂಗಡಿಗಳು. ಊರು ನೆನಪಾಗುತ್ತದೆ. ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್. ಆದಂ, ಹೈಮಾ, ಥುಮ್ರೈತ್ ದಾಟಿ ಹೋಗುವ ಆ ದಾರಿಯಲ್ಲಿ ನಡುವೆ ಬರೀ ಮರಳು. ಇಲ್ಲಿ ಒಂದೇ ನಿಯಮ: ಅರ್ಧಕ್ಕೆ ಇಳಿಯಿತೆಂದರೆ ಸಿಕ್ಕಿದ ಬಂಕಿನಲ್ಲಿ ತುಂಬಿಸಿ, ಮುಂದಿನದ್ದು ನೋಡುವ ಅನ್ನಬೇಡಿ. ಯುಎಇಯಲ್ಲಿ ಬಾಡಿಗೆಗೆ ತೆಗೆದ ಕಾರನ್ನು ಒಮಾನಿಗೆ ಒಯ್ಯಲು ಕಂಪನಿಯ ಒಪ್ಪಿಗೆ ಪತ್ರ ಮತ್ತು ಒಮಾನಿನಲ್ಲಿ ನಡೆಯುವ ವಿಮೆ ಬೇಕು.

ತಲಪಾಡಿಯಂಥ ಜಾಗಗಳು ಅಲ್ಲೂ ಇವೆ. ಜರ್ಮನಿ, ಬೆಲ್ಜಿಯಂ, ಫ್ರಾನ್ಸಿನವರು ಪುಟ್ಟ ಲಕ್ಸೆಂಬರ್ಗಿಗೆ ಹೋಗಿ ತುಂಬಿಸುತ್ತಾರೆ, ಅಲ್ಲಿ ತೆರಿಗೆ ಕಡಿಮೆ. ಸಿಂಗಾಪುರದವರು ಮಲೇಷ್ಯಾಕ್ಕೆ ಓಡುತ್ತಾರೆ ಎಂದು ಸರ್ಕಾರ ಒಂದು ಕಾನೂನೇ ಮಾಡಿದೆ: ಸಿಂಗಾಪುರ ನೋಂದಣಿಯ ಕಾರು ಗಡಿ ದಾಟುವಾಗ ಟ್ಯಾಂಕ್ ಕನಿಷ್ಠ ಮುಕ್ಕಾಲು ತುಂಬಿರಬೇಕು. ಸಿಂಗಾಪುರದಲ್ಲಿ ಬಾಡಿಗೆ ಕಾರು ತೆಗೆದು ಮಲೇಷ್ಯಾ ನೋಡಲು ಹೊರಟವರು ಇದನ್ನು ಮರೆತರೆ ಗಡಿಯಿಂದ ವಾಪಸ್ ಕಳಿಸುತ್ತಾರೆ, ದಂಡವೂ ಬೀಳಬಹುದು.

ಜರ್ಮನಿಯ ಹೆದ್ದಾರಿಯ ಮೇಲೇ ಇರುವ ಬಂಕುಗಳಲ್ಲಿ ರೇಟ್ ತುಂಬ ಜಾಸ್ತಿ. ಒಂದು ಎಕ್ಸಿಟ್ ತೆಗೆದುಕೊಂಡು ಪಕ್ಕದ ಊರಿಗೆ ಇಳಿದರೆ ಸಾಕು, ಟ್ಯಾಂಕ್ ತುಂಬಿಸುವಾಗ ಒಂದು ಊಟದ ದುಡ್ಡು ಉಳಿಯುತ್ತದೆ.

ತಪ್ಪು ಹಾಕಿಬಿಟ್ಟರೆ

ಕಾರು ಸ್ಟಾರ್ಟ್ ಮಾಡಬೇಡಿ. ಕೀಲಿ ತಿರುಗಿಸಲೂ ಬೇಡಿ, ಬಟನ್ ಒತ್ತಲೂ ಬೇಡಿ. ಕೀಲಿ ತಿರುಗಿಸಿದರೇ ಸಾಕು, ತುಂಬ ಕಾರುಗಳಲ್ಲಿ ಪಂಪ್ ತಪ್ಪು ಎಣ್ಣೆಯನ್ನು ಎಂಜಿನ್ ಕಡೆ ಎಳೆಯಲು ಶುರು ಮಾಡುತ್ತದೆ. ಟ್ಯಾಂಕಿನಲ್ಲೇ ಇದ್ದರೆ ಟ್ಯಾಂಕ್ ಖಾಲಿ ಮಾಡಿಸಿದರೆ ಮುಗಿಯಬಹುದು. ಎಂಜಿನಿಗೆ ಹೋದರೆ, ಅದರಲ್ಲೂ ಡೀಸೆಲ್ ಎಂಜಿನಿಗೆ ಪೆಟ್ರೋಲ್ ಹೋದರೆ, ಪಂಪ್ ಮತ್ತು ಇಂಜೆಕ್ಟರ್ ಹಾಳಾಗುತ್ತವೆ. ಆ ಖರ್ಚು ದೊಡ್ಡದು.

ಗೇರ್ ನ್ಯೂಟ್ರಲ್‌ನಲ್ಲಿಡಲು ಆದರೆ ಬಂಕಿನವರ ಸಹಾಯದಿಂದ ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಬಾಡಿಗೆ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರನ್ನು ಕೇಳದೆ ಯಾವುದೋ ಮೆಕ್ಯಾನಿಕ್ ಕರೆಸಬೇಡಿ. ತಪ್ಪು ಇಂಧನ ಹಾಕಿದ್ದಕ್ಕೆ ಬಾಡಿಗೆ ವಿಮೆ ಹೆಚ್ಚಾಗಿ ಅನ್ವಯಿಸುವುದಿಲ್ಲ. ಅದಕ್ಕೇ ಮುಚ್ಚಳದ ಫೋಟೋದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ವಾಪಸ್ ಕೊಡುವ ದಿನ

ಹಿಂದಿನ ರಾತ್ರಿಯೇ ಫೋನಿನ ನಕ್ಷೆಯಲ್ಲಿ ವಿಮಾನ ನಿಲ್ದಾಣದಿಂದ ಎಂಟು ಹತ್ತು ಕಿಲೋಮೀಟರ್ ಒಳಗಿನ ಬಂಕ್ ಹುಡುಕಿ ಗುರುತು ಹಾಕಿ. ನಿಲ್ದಾಣದ ಗೇಟಿಗೆ ಅಂಟಿಕೊಂಡ ಬಂಕಿನಲ್ಲಿ ರೇಟ್ ಜಾಸ್ತಿ ಇರಬಹುದು, ಆದ್ದರಿಂದ ಸ್ವಲ್ಪ ಈಚೆಗಿರುವುದನ್ನು ನೋಡಿ. ಬೆಳಗ್ಗಿನ ಜಾವದ ವಿಮಾನ ಆದರೆ ಆ ಬಂಕ್ 24 ಗಂಟೆ ತೆರೆದಿರುತ್ತದೆಯೇ ಎಂದೂ ನೋಡಿ. ಬಂಕಿಗೆ ಅರ್ಧ ಗಂಟೆ ಜಾಸ್ತಿ ಹಿಡಿದಿಡಿ.

ಐವತ್ತು ಕಿಲೋಮೀಟರ್ ಆಚೆ ತುಂಬಿಸಿ ಬಂದರೂ ಎಷ್ಟೋ ಕಾರುಗಳ ಮುಳ್ಳು ಫುಲ್ಲಿನಲ್ಲೇ ನಿಂತಿರುತ್ತದೆ. ಅದನ್ನು ನಂಬಿ ಕೂರಬೇಡಿ. ಕೆಲವು ಹೊಸ ಕಾರುಗಳು ಎಷ್ಟು ಪೆಟ್ರೋಲ್ ಇದೆ ಎಂದು ಕಂಪನಿಗೆ ತಾವೇ ತಿಳಿಸುತ್ತವೆ. ನಿಲ್ದಾಣದ ಹತ್ತಿರದ ಬಂಕಿನ ರಸೀದಿ ಕೇಳುವ ಕಂಪನಿಗಳೂ ಇವೆ.

ರಸೀದಿಯನ್ನು ಎಂದೂ ಬಿಡಬೇಡಿ. ಒಮ್ಮೆ ನಾನು ತುಂಬಿಸಿ ಕೊಟ್ಟು ಊರಿಗೆ ಬಂದ ಮೇಲೆ, ಟ್ಯಾಂಕ್ ಮುಕ್ಕಾಲು ಮಾತ್ರ ಇತ್ತು ಎಂದು ಒಂದು ಬಾಡಿಗೆ ಕಂಪನಿ ಕಾರ್ಡಿನಿಂದ ದುಡ್ಡು ಕಡಿದಿತ್ತು. ನನಗೆ ತುಂಬ ಬೇಸರವಾಯಿತು. ಆದರೆ ರಸೀದಿ ಇತ್ತು, ಅದರಲ್ಲಿ ಬಂಕಿನ ವಿಳಾಸ, ಹೊತ್ತು, ಲೀಟರ್ ಎಲ್ಲ ಇತ್ತು. ಕಾರು ವಾಪಸ್ ಕೊಡುವಾಗ ಪಾರ್ಕಿಂಗಿನಲ್ಲಿ ತೆಗೆದ ಡ್ಯಾಶ್‌ಬೋರ್ಡಿನ ಫೋಟೋ ಇತ್ತು. ಎರಡನ್ನೂ ಇಮೇಲಿನಲ್ಲಿ ಕಳಿಸಿದೆ. ಎರಡನೇ ಇಮೇಲಿಗೆ ದುಡ್ಡು ವಾಪಸ್ ಬಂತು. ಆ ತೆಳು ಕಾಗದದ ಅಕ್ಷರ ಬಿಸಿಲಿಗೆ ಅಳಿಸಿ ಹೋಗುತ್ತದೆ, ಬಂಕಿನಲ್ಲೇ ಅದರದ್ದೂ ಒಂದು ಫೋಟೋ ತೆಗೆಯಿರಿ.

ಕೌಂಟರಿನಲ್ಲಿ ಜನ ಇದ್ದರೆ ಅವರ ಮುಂದೆಯೇ ಕಾರು ನೋಡಿಸಿ, ಎಲ್ಲ ಸರಿ ಇದೆ ಎಂದು ಕಾಗದ ಅಥವಾ ಇಮೇಲ್ ಪಡೆಯಿರಿ. ಯಾರೂ ಇಲ್ಲದ ಹೊತ್ತಿನಲ್ಲಿ ಕೀಲಿಯನ್ನು ಪೆಟ್ಟಿಗೆಗೆ ಹಾಕಬೇಕಾದರೆ ಮುಳ್ಳು, ಕಿಲೋಮೀಟರ್, ಕಾರು ನಿಲ್ಲಿಸಿದ ಜಾಗದ ನಂಬರ್, ಕಾರಿನ ನಾಲ್ಕು ಬದಿ ಎಲ್ಲದರ ಫೋಟೋ ತೆಗೆದ ಮೇಲೆಯೇ ಕೀಲಿ ಒಳಗೆ ಬಿಡಿ. ಕಾರ್ಡಿನ ಸ್ಟೇಟ್‌ಮೆಂಟನ್ನು ಊರಿಗೆ ಬಂದ ಮೇಲೂ ಒಂದು ತಿಂಗಳು ನೋಡುತ್ತಿರಿ. ಅಲ್ಲಿಯವರೆಗೆ ಆ ಫೋಟೋಗಳನ್ನು ಫೋನಿನಿಂದ ಅಳಿಸಬೇಡಿ.